ಬಾಟೊವ್ ಸೇನೆ ಜೌಗು ದಾಟಿದ ಬಗೆ

ಮಾನ್ಯ ಸಂಪಾದಕರೇ,

ಎರಡನೇ ಮಹಾಯುದ್ಧ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಸೋವಿಯತ್ ಗೆಲುವನ್ನು ಚಳಿಗಾಲ ಮತ್ತು ಸೈನಿಕರ ಸಂಖ್ಯೆಯ ಖಾತೆಗೆ ಹಾಕಿದೆ. ಜನರಲ್ ಪಾವೆಲ್ ಬಾಟೊವ್ ಹೆಸರು ಅದರಲ್ಲಿ ಒಂದೇ ಸಾಲಿನಲ್ಲಿ ಬಂದುಹೋಗಿದೆ. ಸಂಖ್ಯೆ ದೊಡ್ಡದಿತ್ತು, ನಿಜ. ಆದರೆ ಬೆಲಾರೂಸ್‌ನಲ್ಲಿ ಜರ್ಮನ್ ಸೇನೆಯ ಬೆನ್ನುಮೂಳೆ ಮುರಿದದ್ದು 1944ರ ಜೂನ್‌ನಲ್ಲಿ, ನಡುಬೇಸಿಗೆಯಲ್ಲಿ. ಅದು ಹೇಗಾಯಿತೆಂದು ತಿಳಿಯಬೇಕಾದರೆ ಬಾಟೊವ್ ಮಾಡಿಕೊಂಡ ಸಿದ್ಧತೆಯನ್ನೇ ನೋಡಬೇಕು.

1897ರಲ್ಲಿ ಹುಟ್ಟಿದ ಬಾಟೊವ್ ಝಾರ್ ಕಾಲದ ಸೈನ್ಯದಲ್ಲಿ ಬೇಹಿನ ಸೈನಿಕರಾಗಿದ್ದವರು. ಸ್ಪೇನ್ ಅಂತರ್ಯುದ್ಧದಲ್ಲಿ ಹೋರಾಡಿ ಗಾಯಗೊಂಡರು. 1942ರ ಅಕ್ಟೋಬರ್‌ನಿಂದ ಯುದ್ಧ ಮುಗಿಯುವವರೆಗೂ 65ನೇ ಸೇನೆ ಅವರ ಕೈಯಲ್ಲೇ ಇತ್ತು. ಸ್ಟಾಲಿನ್‌ಗ್ರಾಡ್, ಕುರ್ಸ್ಕ್ ಎಲ್ಲ ಕಂಡ ಸೇನೆ ಅದು. 1943ರ ಅಕ್ಟೋಬರ್‌ನಲ್ಲಿ ಲೋಯೆವ್ ಬಳಿ ದ್ನೀಪರ್ ನದಿ ದಾಟಿದ್ದಕ್ಕೆ ಅವರಿಗೆ ‘ಸೋವಿಯತ್ ಒಕ್ಕೂಟದ ವೀರ’ ಪದವಿ ಮೊದಲ ಸಲ ಸಿಕ್ಕಿತು.

ಬೆಲಾರೂಸ್‌ನ ಬೊಬ್ರುಯಿಸ್ಕ್ ನಗರದ ಮೇಲಿನ ದಾಳಿಗೆ ಎರಡು ಕಡೆಯಿಂದ ಸಮಬಲದ ಹೊಡೆತ ಬೇಕೆಂದು ಬಾಟೊವ್ ಅವರ ಮೇಲಧಿಕಾರಿ, ಫ್ರಂಟ್‌ನ (ಹಲವು ಸೇನೆಗಳ ಕೂಟದ) ದಂಡನಾಯಕ ರೊಕೊಸೊವ್‌ಸ್ಕಿ ಸ್ಟಾಲಿನ್ ಮುಂದೆ ಪಟ್ಟು ಹಿಡಿದ ಪ್ರಸಂಗವನ್ನು ಎಲ್ಲರೂ ಹೇಳುತ್ತಾರೆ. ಮಾರ್ಷಲ್ ಝುಕೊವ್ ತಮ್ಮ ನೆನಪುಗಳಲ್ಲಿ ಅದನ್ನು ಒಪ್ಪಿಲ್ಲ. ಆ ವಾದ ಏನೇ ಇರಲಿ, ಎರಡರಲ್ಲಿ ಪಾರಿಚಿ ಊರಿನ ದಕ್ಷಿಣಕ್ಕಿದ್ದ ಹೊಡೆತ ಬಾಟೊವ್ ಮತ್ತು ಲುಚಿನ್‌ಸ್ಕಿ ಅವರ ಸೇನೆಗಳ ಪಾಲಿಗೆ ಬಂತು. ಎದುರಿಗೆ ಕಾಡು, ಜೌಗು. ಇಲ್ಲಿಂದ ಟ್ಯಾಂಕ್ ಬರಲಾರದು ಎಂಬ ನಂಬಿಕೆಯಲ್ಲಿ ಜರ್ಮನ್ನರು ಅಲ್ಲಿನ ಕಾವಲನ್ನು ತೆಳುವಾಗಿಟ್ಟಿದ್ದರು.

ಬಾಟೊವ್ ಸೇನೆ ಆ ಜೌಗಿನ ಮೇಲೆ ಮರದ ದಾರಿ ಹಾಸಿತು. ದಿಮ್ಮಿಗಳನ್ನು ಸುಮ್ಮನೆ ಅಡ್ಡಡ್ಡ ಜೋಡಿಸಿದರೆ ನಾಲ್ಕಾರು ಗಾಡಿ ಹೋಗುವಷ್ಟರಲ್ಲಿ ಒಂದೊಂದೇ ಕೆಸರಿಗಿಳಿಯುತ್ತದೆ. ಮೊದಲು ರೆಂಬೆ ಕೊಂಬೆಗಳ ಹಾಸು, ಅದರ ಮೇಲೆ ದಾರಿಯುದ್ದಕ್ಕೂ ದಪ್ಪ ಮರಗಳು, ಅವುಗಳ ಮೇಲೆ ಅಡ್ಡ ದಿಮ್ಮಿಗಳು ಒತ್ತೊತ್ತಾಗಿ, ಕೊನೆಗೆ ಎರಡೂ ಅಂಚಿಗೆ ಬಿಗಿ ಕಟ್ಟು. ಆಗ ಮಾತ್ರ ಟ್ಯಾಂಕಿನ ಭಾರ ಒಂದೇ ದಿಮ್ಮಿಯ ಮೇಲೆ ಬೀಳದೆ ಹಂಚಿಹೋಗುತ್ತದೆ. ಮರವನ್ನು ಅಲ್ಲೇ ಪಕ್ಕದಲ್ಲಿ ಕಡಿದರೆ ಬೋಳಾದ ಜಾಗ ವಿಮಾನದಿಂದ ಕಂಡು ಗುಟ್ಟು ರಟ್ಟಾಗುತ್ತದೆ. ಕಾಲಾಳುಗಳು ಜೌಗಿನಲ್ಲಿ ಹೂತುಹೋಗದಿರಲು ಪಾದಕ್ಕೆ ಕಟ್ಟಿಕೊಳ್ಳುವ ಅಗಲವಾದ ಹೆಣೆದ ಮೆಟ್ಟುಗಳನ್ನು, ಮೆಷಿನ್‌ಗನ್ ಮತ್ತು ಮಾರ್ಟರ್ ಎಳೆಯಲು ಗಾಲಿಯಿಲ್ಲದ ಜಾರುಬಂಡಿಗಳನ್ನು ಮಾಡಿಕೊಂಡರು. ಪ್ರತಿ ಟ್ಯಾಂಕಿನ ಮೇಲೂ ಕಂದಕ ತುಂಬಲು ಕಟ್ಟಿಗೆಯ ಹೊರೆ, ದಿಮ್ಮಿಗಳು. ರೊಕೊಸೊವ್‌ಸ್ಕಿಯವರೇ ಕೊಟ್ಟ ಲೆಕ್ಕದಂತೆ ಅವರ ಫ್ರಂಟ್‌ನ ಸ್ಯಾಪರ್‌ಗಳು (ದಾರಿ ಬಿಡಿಸುವ ಸೈನಿಕರು) 20 ದಿನಗಳಲ್ಲಿ 34,000 ನೆಲಬಾಂಬ್ ತೆಗೆದು 193 ಹಾದಿ ಬಿಡಿಸಿದರು.

ಇನ್ನು ಫಿರಂಗಿ. ಸಾಮಾನ್ಯ ಪದ್ಧತಿಯಲ್ಲಿ ಗುಂಡಿನ ಒಂದೇ ಗೋಡೆ ಕಾಲಾಳುಗಳ ಮುಂದೆ ಸರಿಯುತ್ತಿತ್ತು. ಗೋಡೆ ಶತ್ರುವಿನ ಒಂದು ಕಂದಕದ ಮೇಲಿದ್ದಾಗ ಹಿಂದಿನ ಕಂದಕದವರಿಗೆ ಪುರುಸೊತ್ತು ಸಿಗುತ್ತಿತ್ತು. ಹೊಡೆತ ತಿಂದವರು ಹಿಂದಕ್ಕೂ ಸರಿಯಬಹುದಿತ್ತು. 65ನೇ ಸೇನೆ ಜೂನ್ 24ರಂದು ಎರಡು ಗೋಡೆ ಎಬ್ಬಿಸಿತು. ಒಂದು ಗುಂಪಿನ ಫಿರಂಗಿಗಳು ಹತ್ತಿರದ ಸಾಲಿಗೆ, ಇನ್ನೊಂದು ಗುಂಪು ಸುಮಾರು 400 ಮೀಟರ್ ಆಚೆಯ ಸಾಲಿಗೆ ಒಟ್ಟಿಗೇ ಹೊಡೆದವು. ನಡುವೆ ಸಿಕ್ಕವರು ಹಿಂದೆ ಹೋಗುವಂತಿಲ್ಲ, ಅವರ ನೆರವಿಗೆ ಯಾರೂ ಬರುವಂತಿಲ್ಲ. ಆ ದಿನ ಮುಗಿಯುವಷ್ಟರಲ್ಲಿ ಎರಡು ಸೇನೆಗಳು ಸುಮಾರು 30 ಕಿ.ಮೀ. ಅಗಲಕ್ಕೆ ರಕ್ಷಣಾ ಸಾಲನ್ನು ಭೇದಿಸಿದ್ದವು. ಅವುಗಳ ಜೊತೆಗಿದ್ದ ಪಾನೊವ್ ಅವರ ಟ್ಯಾಂಕ್ ಕೋರ್ (ಟ್ಯಾಂಕ್ ದಳ) 20 ಕಿ.ಮೀ.ವರೆಗೂ ಒಳನುಗ್ಗಿತ್ತು. ಎರಡನೇ ಹೊಡೆತ, ಅಂದರೆ ಉತ್ತರದಲ್ಲಿ ರೊಗಾಚೆವ್ ಕಡೆಯ ದಾಳಿ, ಅದೇ ಹೊತ್ತಿಗೆ ಮುಗ್ಗರಿಸಿ ನಿಂತಿತ್ತು. ಜೂನ್ 29ಕ್ಕೆ ಬೊಬ್ರುಯಿಸ್ಕ್ ಬಿಡುಗಡೆಯಾಯಿತು.

1945ರ ಏಪ್ರಿಲ್ 20ರಂದು, ಸ್ಟೆಟಿನ್ ಬಳಿ ಓಡರ್ ನದಿ ದಾಟುವಾಗಲೂ ಇದೇ ಬಗೆಯ ಮುಂದಾಲೋಚನೆ ಕೆಲಸಕ್ಕೆ ಬಂತು. ಅಲ್ಲಿ ಓಡರ್ ಎರಡು ಕವಲು, ನಡುವಿನ ತಗ್ಗು ಪೂರ್ತಿ ನೀರು. ಈಜಲು ಆಳ ಸಾಲದು, ನಡೆಯಲು ನೆಲ ಗಟ್ಟಿಯಿಲ್ಲ. ಭಾರದ ತೆಪ್ಪಗಳು ಕೆಸರಿನಲ್ಲಿ ಕೂತುಬಿಡುತ್ತವೆ. ಬಾಟೊವ್, ಕೈಯಲ್ಲಿ ಎತ್ತಿ ಒಯ್ಯಬಹುದಾದ ಹಗುರ ದೋಣಿಗಳನ್ನು ಮೊದಲೇ ರಾಶಿ ಹಾಕಿಸಿದ್ದರು. ಸಮುದ್ರದ ಕಡೆಯಿಂದ ಬೀಸಿದ ಗಾಳಿಗೆ ನೀರು ಏರುವುದನ್ನು ಕಂಡು, ಅಪ್ಪಣೆ ಕೇಳಿ ಪಡೆದು, ಉಳಿದ ಸೇನೆಗಳಿಗಿಂತ ಮುಂಚೆಯೇ ದಾಳಿ ಶುರುಮಾಡಿದರು. ಪಕ್ಕದ 49ನೇ ಸೇನೆಯ ದಾಟುವಿಕೆ ಫಲಿಸಲಿಲ್ಲ. ಅಲ್ಲಿನ ಸೇತುವೆ ಸಾಮಗ್ರಿಯನ್ನು ರೊಕೊಸೊವ್‌ಸ್ಕಿ ಬಾಟೊವ್ ಕಡೆಗೆ ತಿರುಗಿಸಿದರು. ‘ವೀರ’ ಪದವಿ ಎರಡನೇ ಸಲ ಬಂದದ್ದು ಆ ಬಳಿಕ, 1945ರ ಜೂನ್‌ನಲ್ಲಿ.

ಲೇಖನದಲ್ಲಿ ಅವರನ್ನು ಯುದ್ಧಕಾಲದಲ್ಲೇ ‘ಆರ್ಮಿ ಜನರಲ್’ ಎಂದಿರುವುದನ್ನೂ ತಿದ್ದಬೇಕು. ಬೊಬ್ರುಯಿಸ್ಕ್ ಬಿಡುಗಡೆಯಾದ ದಿನ ಅವರು ಕರ್ನಲ್ ಜನರಲ್ ಆದರು. ಆರ್ಮಿ ಜನರಲ್ ಆದದ್ದು 1955ರಲ್ಲಿ.

– ಸೇನಾ ಇತಿಹಾಸದ ಓದುಗ, ಧಾರವಾಡ