ಕಥೆ ಓದಿ ಮಗು ಬರೆದ ಅಭಿಪ್ರಾಯದ ಕುರಿತು ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ವಂದನೆಗಳು. ನಮ್ಮ ಶಾಲೆಯ ಗ್ರಂಥಾಲಯದ ಹೊರಗಿನ ಸೂಚನಾ ಫಲಕದಲ್ಲಿ ಕೈಬರಹದ ನಾಲ್ಕು ಪುಟಗಳನ್ನು ಹಚ್ಚಿರುವುದನ್ನು ನಿಮ್ಮಲ್ಲಿ ಹಲವರು ನೋಡಿದ್ದೀರಿ. ಏಳನೆಯ ತರಗತಿಯ ವಿದ್ಯಾರ್ಥಿನಿಯೊಬ್ಬಳು ತಾನು ಓದಿದ ಮಕ್ಕಳ ಕಾದಂಬರಿಯ ಬಗ್ಗೆ ಬರೆದ ಅಭಿಪ್ರಾಯ ಅದು. ಅದನ್ನು ಓದಿದ ಕೆಲವು ಪೋಷಕರು ನನ್ನನ್ನು ಕಂಡು ಎರಡು ಪ್ರಶ್ನೆಗಳನ್ನು ಕೇಳಿದರು. ಮಾಯೆ, ಮಂತ್ರ ತುಂಬಿದ ಪುಸ್ತಕಗಳನ್ನು ಶಾಲೆಯವರು ಮಕ್ಕಳ ಕೈಗೆ ಏಕೆ ಕೊಡುತ್ತೀರಿ ಎಂಬುದು ಒಂದು. ದೊಡ್ಡವರು ಬರೆದು ಅಚ್ಚಾದ ಪುಸ್ತಕದ ಕೊನೆ ಸರಿಯಿಲ್ಲವೆಂದು ಹನ್ನೆರಡು ವರ್ಷದ ಹುಡುಗಿ ಬರೆದರೆ, ಅದನ್ನು ತಿದ್ದುವುದು ಬಿಟ್ಟು ಎಲ್ಲರ ಕಣ್ಣಿಗೆ ಬೀಳುವಂತೆ ಹಚ್ಚಿದ್ದೇಕೆ ಎಂಬುದು ಇನ್ನೊಂದು. ಎರಡೂ ಮಕ್ಕಳ ಮೇಲಿನ ಕಾಳಜಿಯಿಂದ ಹುಟ್ಟಿದ ಪ್ರಶ್ನೆಗಳಾದ್ದರಿಂದ, ಬಾಗಿಲಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರ ಹೇಳಿ ಕಳಿಸುವುದು ಸರಿಯೆನಿಸದೆ ಈ ಪತ್ರ ಬರೆಯುತ್ತಿದ್ದೇನೆ.

ಆ ಪುಸ್ತಕಕ್ಕಾಗಿ ಇನ್ನೂ ಅನೇಕ ಮಕ್ಕಳು ಸರದಿಯಲ್ಲಿ ಕಾಯುತ್ತಿದ್ದಾರೆ. ಅದರ ಗುಟ್ಟನ್ನು ಹೇಳದೆ ನನ್ನ ಮಾತು ಪೂರ್ತಿಯಾಗುವುದಿಲ್ಲ. ಆದ್ದರಿಂದ ಪುಸ್ತಕದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಈ ಎಚ್ಚರವನ್ನು ನಾನು ಕಲಿತದ್ದು ಆ ಹುಡುಗಿಯಿಂದಲೇ. ತನ್ನ ಬರಹದ ಕೊನೆಯ ಪುಟವನ್ನು ಆಕೆ ಮಡಚಿ ಗುಂಡುಪಿನ್ನು ಚುಚ್ಚಿದ್ದಾಳೆ, ಪುಸ್ತಕ ಓದಿ ಮುಗಿಸಿದವರು ಮಾತ್ರ ಬಿಡಿಸಿ ನೋಡಬೇಕೆಂದು ಅದರ ಮೇಲೆ ಬರೆದಿದ್ದಾಳೆ.

ಕಥೆ ಹೀಗಿದೆ. ಒಂದು ಊರಿನಲ್ಲಿ ಅಮಾವಾಸ್ಯೆಗೊಮ್ಮೆ ಯಾರಾದರೊಬ್ಬರ ನೆರಳು ಕಳುವಾಗುತ್ತದೆ. ಕದ್ದವರು ಯಾರೆಂದು ಮೂವರು ಮಕ್ಕಳು ಹುಡುಕಲು ಹೊರಡುತ್ತಾರೆ. ನೆರಳು ಕಳೆದುಕೊಂಡ ಹುಡುಗನೊಬ್ಬ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಬಿಸಿಲಲ್ಲಿ ನಿಲ್ಲಲು ನಾಚಿ ಕಂಬದ ಮರೆಗೆ ಸರಿಯುವ ಅಧ್ಯಾಯವನ್ನು ನಮ್ಮ ವಿದ್ಯಾರ್ಥಿನಿ ತುಂಬ ಮೆಚ್ಚಿಕೊಂಡಿದ್ದಾಳೆ. ಅವನ ನಾಚಿಕೆ ತನಗೂ ಗೊತ್ತಿರುವಂಥದ್ದು ಎಂದಷ್ಟೇ ಬರೆದು ಮುಂದೆ ಹೋಗಿದ್ದಾಳೆ. ಅದರಾಚೆ ನಾವು ಏನನ್ನೂ ಕೇಳಲಿಲ್ಲ, ಕೇಳುವುದೂ ಬೇಡ.

ಆಕೆಯ ತಕರಾರು ಇರುವುದು ಕಥೆಯ ಕೊನೆಯ ಬಗ್ಗೆ. ಮಕ್ಕಳು ಹೊಸ್ತಿಲ ಮೇಲಿನ ಎಣ್ಣೆಯ ಕಲೆ, ಹರಿದ ದಾರ, ಅರ್ಧ ಸುಟ್ಟ ಬತ್ತಿ ಎಂದು ಒಂದೊಂದೇ ಸುಳಿವನ್ನು ಕೂಡಿಸುತ್ತ ಹೋಗುತ್ತಾರೆ. ಕೊನೆಯ ಅಧ್ಯಾಯದಲ್ಲಿ ಅಜ್ಜಿಯೊಬ್ಬಳು ಮಾಯಾಕನ್ನಡಿ ತಂದು ತೋರಿಸುತ್ತಾಳೆ, ಕಳ್ಳನ ಮುಖ ಅದರಲ್ಲಿ ಮೂಡುತ್ತದೆ, ಕಥೆ ಮುಗಿಯುತ್ತದೆ. ಅಂಥ ಕನ್ನಡಿ ಇದ್ದಿದ್ದರೆ ಮೊದಲ ದಿನವೇ ನೋಡಬಹುದಿತ್ತು, ಮಕ್ಕಳನ್ನು ಊರೆಲ್ಲ ಅಲೆದಾಡಿಸಿದ್ದೇಕೆ, ಹೊಸ್ತಿಲ ಮೇಲಿನ ಎಣ್ಣೆಯ ಕಲೆ ಏನಾಯಿತು ಎಂದು ಆಕೆ ಕೇಳಿದ್ದಾಳೆ. ಕಥೆಯ ಸುರಂಗದ ಬಗ್ಗೆಯೂ ಆಕೆಗೆ ಸಂಶಯವಿದೆ. ನಮ್ಮ ಬೀದರಿನ ನೌಬಾದಿನಲ್ಲಿ ಬಹಮನಿ ಕಾಲದ ಸುರಂಗ ಬಾವಿಯನ್ನು ಆಕೆ ನೋಡಿದ್ದಾಳೆ. ನೆಲದಡಿಯಲ್ಲಿ ನೀರು ಹರಿಯುವ ಆ ಕಾಲುವೆಗೆ ಗಾಳಿ, ಬೆಳಕು ಇಳಿಯಲೆಂದು ಮೇಲಿನಿಂದ ಅಲ್ಲಲ್ಲಿ ಬಾವಿಗಳನ್ನು ತೋಡಿರುವುದು ಆಕೆಗೆ ಗೊತ್ತು. ಹಾಗಿರುವಾಗ ಒಂದು ಕಿಂಡಿಯೂ ಇಲ್ಲದ ಸುರಂಗದಲ್ಲಿ ಮೂವರು ಮಕ್ಕಳು ರಾತ್ರಿಯಿಡೀ ನಡೆದದ್ದು ಹೇಗೆ ಎಂಬುದು ಆಕೆಯ ಪ್ರಶ್ನೆ.

ಮೊದಲ ಪ್ರತಿಯಲ್ಲಿ ಇಷ್ಟೆಲ್ಲ ಇರಲಿಲ್ಲ. ಕೊನೆ ಚೆನ್ನಾಗಿಲ್ಲ ಎಂಬ ಒಂದೇ ಸಾಲಿತ್ತು. ಕನ್ನಡ ಶಿಕ್ಷಕಿ ಅದನ್ನು ಹೊಡೆದುಹಾಕದೆ ಪಕ್ಕದಲ್ಲಿ ‘ಏಕೆ?’ ಎಂದು ಬರೆದು ಮರಳಿಸಿದರು. ಉಳಿದ ಪುಟಗಳು ಆ ಒಂದು ಪದಕ್ಕೆ ಬಂದ ಉತ್ತರ. ಅಕ್ಷರ ತಪ್ಪುಗಳನ್ನು ನಾವು ತಿದ್ದಿಸಿದ್ದೇವೆ, ಅಭಿಪ್ರಾಯವನ್ನು ತಿದ್ದಿಲ್ಲ.

ಆಕೆ ಹಿಡಿದಿರುವ ಕೊರತೆ ಸಣ್ಣದಲ್ಲ ಎಂಬುದು ನಿಮಗೆ ತಿಳಿಯಲಿ ಎಂದು ಒಂದು ವಿಷಯ ಹೇಳುತ್ತೇನೆ. ಇಂಗ್ಲೆಂಡಿನಲ್ಲಿ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ ಅವರು 1929ರಲ್ಲಿ ಪತ್ತೇದಾರಿ ಕಥೆಗೆ ಹತ್ತು ನಿಯಮಗಳನ್ನು ಬರೆದರು. ಅತಿಮಾನುಷ ಶಕ್ತಿಯಿಂದ ರಹಸ್ಯ ಬಿಡಿಸಬಾರದು ಎಂಬುದು ಅದರಲ್ಲಿ ಒಂದು. ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಆಗಲೇ ಕಾಣಬೇಕು ಎಂಬುದು ಮತ್ತೊಂದು. ಮಾಯೆಯನ್ನೇ ನಂಬಿಕೊಂಡ ರಹಸ್ಯ ಕಥೆ ಮೊದಲನೆಯದನ್ನು ಹೇಗೂ ಮೀರುತ್ತದೆ. ಹಾಗಾಗಿ ಎರಡನೆಯದನ್ನು ಇನ್ನೂ ಬಿಗಿಯಾಗಿ ಪಾಲಿಸಬೇಕಾಗುತ್ತದೆ ಎಂಬುದು ನನ್ನ ತಿಳಿವಳಿಕೆ: ಕನ್ನಡಿ ಏನು ಮಾಡಬಲ್ಲದು, ಏನು ಮಾಡಲಾರದು ಎಂಬುದನ್ನು ಲೇಖಕರು ಮೊದಲೇ ಹೇಳಿಟ್ಟಿದ್ದರೆ ಓದುವ ಮಗುವಿಗೂ ಕಳ್ಳನನ್ನು ಹಿಡಿಯುವ ಅವಕಾಶ ಇರುತ್ತಿತ್ತು. ನಮ್ಮ ಹುಡುಗಿ ನಾಕ್ಸ್ ಅವರ ಹೆಸರನ್ನೂ ಕೇಳಿದವಳಲ್ಲ. ಕಥೆಯನ್ನು ಮನಸ್ಸಿಟ್ಟು ಓದಿಯೇ ಆಕೆ ಅಲ್ಲಿಗೆ ತಲುಪಿದ್ದಾಳೆ.

ಮಾಯೆ, ಮಂತ್ರದ ಪುಸ್ತಕ ಮೂಢನಂಬಿಕೆ ಬೆಳೆಸುತ್ತದೆ ಎಂಬ ಭಯಕ್ಕೂ ನನ್ನ ಉತ್ತರ ಇಲ್ಲೇ ಇದೆ. ಕನ್ನಡಿಗೆ ಕಳ್ಳ ಯಾರೆಂದು ಹೇಗೆ ತಿಳಿಯಿತು ಎಂದು ಪುಸ್ತಕವನ್ನೇ ಕೇಳಿದ ಮಗು, ನಾಳೆ ಮನೆ ಬಾಗಿಲಿಗೆ ತಾಯತ ಮಾರಲು ಬಂದವನನ್ನೂ ಅದೇ ಪ್ರಶ್ನೆ ಕೇಳುತ್ತದೆ ಎಂದು ನಾನು ನಂಬಿದ್ದೇನೆ. ಬೇತಾಳನ ಕಥೆಗಳನ್ನು ಕೇಳಿಕೊಂಡೇ ನಾವೆಲ್ಲ ಬೆಳೆದವರು. ಹೆಣದೊಳಗೆ ಹೊಕ್ಕ ಬೇತಾಳ ಪ್ರತಿ ಕಥೆಯ ಕೊನೆಯಲ್ಲಿ ರಾಜನ ಅಭಿಪ್ರಾಯ ಕೇಳುತ್ತದೆ, ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಒಡೆದು ಹೋಳಾಗುತ್ತದೆ ಎಂದು ಹೆದರಿಸುತ್ತದೆ. ಹನ್ನೊಂದನೆಯ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲೂ ಈ ಕಥೆಗಳಿವೆ. ಕಥೆ ಕೇಳಿದವರು ಬಾಯಿಬಿಟ್ಟು ತಮ್ಮ ತೀರ್ಮಾನ ಹೇಳಬೇಕೆಂಬ ಪದ್ಧತಿ ಅಷ್ಟು ಹಿಂದಿನಿಂದಲೂ ನಮ್ಮಲ್ಲಿದೆ.

ಮಕ್ಕಳ ಅಭಿಪ್ರಾಯಕ್ಕೆ ಬೆಲೆಯೇನು ಎಂದು ಕೇಳಿದವರಿಗೆ ಇನ್ನೊಂದು ನಡೆದ ಸಂಗತಿ ಹೇಳಬೇಕು. 1936ರಲ್ಲಿ ಲಂಡನ್ನಿನ ಪ್ರಕಾಶಕರಾದ ಸ್ಟ್ಯಾನ್ಲಿ ಅನ್ವಿನ್ ಅವರು ಮಕ್ಕಳ ಕಥೆಯೊಂದರ ಹಸ್ತಪ್ರತಿಯನ್ನು ಹತ್ತು ವರ್ಷದ ತಮ್ಮ ಮಗ ರೇನರ್‌ಗೆ ಓದಲು ಕೊಟ್ಟು ಅಭಿಪ್ರಾಯ ಬರೆಸಿದರು, ಆ ಕೆಲಸಕ್ಕೆ ಒಂದು ಶಿಲ್ಲಿಂಗ್ ಕೊಟ್ಟರು. ಹುಡುಗ ಮೆಚ್ಚಿ ಬರೆದ, ಪುಸ್ತಕ ಮರುವರ್ಷ ಅಚ್ಚಾಯಿತು. ಇಂದು ಜಗತ್ತೇ ಓದುವ ಟೋಲ್ಕಿನ್ ಅವರ ‘ದಿ ಹಾಬಿಟ್’ ಅದು. ಮಕ್ಕಳಿಗಾಗಿ ಬರೆದದ್ದನ್ನು ಮಕ್ಕಳಿಗೇ ತೋರಿಸಿ ಕೇಳಬೇಕೆಂದು ಆ ತಂದೆಗೆ ತೋಚಿತ್ತು.

ಫಲಕದ ಮುಂದೆ ಆಮೇಲೆ ನಡೆದದ್ದನ್ನೂ ನೀವು ತಿಳಿಯಬೇಕು. ಆರನೆಯ ತರಗತಿಯ ಹುಡುಗನೊಬ್ಬ ಚೀಟಿ ಬರೆದು ಆ ಬರಹದ ಕೆಳಗೆ ಅಂಟಿಸಿದ. ಮೂರನೆಯ ಅಧ್ಯಾಯದಲ್ಲಿ ಅಜ್ಜಿ ಗೋಡೆಯ ಮೇಲಿನ ಏನನ್ನೋ ಬಟ್ಟೆಯಿಂದ ಮುಚ್ಚುತ್ತಾಳೆ, ಕನ್ನಡಿ ಅದೇ, ಆದ್ದರಿಂದ ಲೇಖಕರದು ಮೋಸವಲ್ಲ ಎಂಬುದು ಅವನ ವಾದ. ಹುಡುಗಿ ಪುಸ್ತಕವನ್ನು ಮತ್ತೆ ಪಡೆದು ಆ ಪುಟವನ್ನು ನೋಡಿದಳು. ಬಟ್ಟೆ ಮುಚ್ಚಿದ ವಸ್ತು ಇರುವುದು ನಿಜ, ಆದರೆ ಅದಕ್ಕೆ ಕಳ್ಳನನ್ನು ತೋರಿಸುವ ಶಕ್ತಿ ಇದೆಯೆಂದು ಎಲ್ಲಿಯೂ ಹೇಳಿಲ್ಲ ಎಂದು ತನ್ನ ಬರಹಕ್ಕೆ ಸೇರಿಸಿದಳು. ಹುಡುಗ ಇನ್ನೂ ಒಪ್ಪಿಲ್ಲ. ಪುಟ ತೋರಿಸಿ ವಾದಿಸುವುದನ್ನು, ಎದುರಿನವರ ಮಾತು ಎಷ್ಟರಮಟ್ಟಿಗೆ ಸರಿಯೋ ಅಷ್ಟನ್ನು ಒಪ್ಪಿಕೊಳ್ಳುವುದನ್ನು ಇಷ್ಟು ಚೆನ್ನಾಗಿ ಕಲಿಸುವ ಪಾಠ ನಮ್ಮ ಪಠ್ಯಪುಸ್ತಕದಲ್ಲಿ ನನಗೆ ಸಿಕ್ಕಿಲ್ಲ. ಪರೀಕ್ಷೆ ಹತ್ತಿರವಿರುವಾಗ ಕಥೆ ಪುಸ್ತಕ ಏಕೆ ಎನ್ನುವವರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ.

ಈಗ ನಿಮ್ಮಲ್ಲಿ ನನ್ನ ವಿನಂತಿ. ಮಗು ಪುಸ್ತಕ ಓದಿ ಮುಗಿಸಿದಾಗ ಇದರ ನೀತಿಯೇನು ಎಂದು ಮೊದಲಿಗೇ ಕೇಳಬೇಡಿ. ಹಾಗೆ ಕೇಳಿದರೆ ಮಕ್ಕಳು ನಮಗೆ ಬೇಕಾದ ಉತ್ತರವನ್ನು ಒಪ್ಪಿಸಿ ಎದ್ದು ಹೋಗುತ್ತಾರೆ. ನಿನಗೆ ಯಾರ ಮೇಲೆ ಅನುಮಾನ ಬಂತು, ಯಾವ ಪುಟದಲ್ಲಿ ಬಂತು, ಆಮೇಲೆ ಅದು ಬದಲಾಯಿತೇ ಎಂದು ಕೇಳಿ ನೋಡಿ. ಚೆನ್ನಾಗಿಲ್ಲವೆಂದು ಹೇಳಿದರೆ ಗದರಬೇಡಿ, ಕಾರಣ ಕೇಳಿ. ನಿಮ್ಮಲ್ಲಿ ಅನೇಕರ ಮನೆಮಾತು ಮರಾಠಿ, ಉರ್ದು, ತೆಲುಗು ಅಥವಾ ಲಂಬಾಣಿ ಎಂಬುದನ್ನು ಬಲ್ಲೆ. ಕಥೆಯನ್ನು ಮಗು ಮನೆಯ ಮಾತಿನಲ್ಲೇ ಹೇಳಲಿ, ಓದು ಬಾರದ ಅಜ್ಜ, ಅಜ್ಜಿಯರಿಗೂ ಹೇಳಲಿ. ಹೀಗೆ ಹೇಳುವಾಗಲೇ ಕಥೆಯ ಯಾವ ಕೊಂಡಿ ಸಡಿಲವಾಗಿದೆ ಎಂಬುದು ಮಕ್ಕಳಿಗೆ ಹೊಳೆಯುತ್ತದೆ. ಹಳ್ಳಿಗಳಿಂದ ಬರುವ ಮಕ್ಕಳ ಪೋಷಕರು ತಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಮಗುವನ್ನು ಸದಸ್ಯರನ್ನಾಗಿ ಮಾಡಿಸಿರಿ, ಮಕ್ಕಳಿಗೆ ಅಲ್ಲಿ ಶುಲ್ಕವಿಲ್ಲ.

ಮುಂದಿನ ತಿಂಗಳಿನಿಂದ ಐದು, ಆರು, ಏಳನೆಯ ತರಗತಿಯ ಪ್ರತಿ ಮಗುವಿಗೂ ಓದಿದ ಪುಸ್ತಕದ ಬಗ್ಗೆ ಬರೆಯಲು ಒಂದು ನೋಟ್‌ಬುಕ್ ಕೊಡುತ್ತೇವೆ. ಅದಕ್ಕೆ ಅಂಕಗಳಿಲ್ಲ, ಮೆಚ್ಚಲೇಬೇಕೆಂಬ ಕಟ್ಟಳೆಯೂ ಇಲ್ಲ. ಪುಸ್ತಕ ಮನೆಗೆ ಬಂದಾಗ ಹಾಳೆ ಹರಿದರೆ, ಅರಿಶಿನದ ಕೈ ತಾಗಿದರೆ ದಂಡವಿಲ್ಲ, ಆ ಭಯಕ್ಕೆ ಪುಸ್ತಕವನ್ನು ಟ್ರಂಕಿನಲ್ಲಿ ಎತ್ತಿಡಬೇಡಿ. ಫಲಕದ ಮೇಲಿನ ಬರಹಕ್ಕೆ ನಿಮ್ಮದೂ ಅಭಿಪ್ರಾಯವಿದ್ದರೆ ಚೀಟಿಯಲ್ಲಿ ಬರೆದು ಮಗುವಿನ ಕೈಯಲ್ಲಿ ಕಳಿಸಿ. ಮಡಚಿದ ಕೊನೆಯ ಪುಟವನ್ನು ಮಾತ್ರ ಪುಸ್ತಕ ಓದಿದ ಮೇಲೆಯೇ ಬಿಡಿಸಬೇಕು. ಆ ನಿಯಮ ಪೋಷಕರಿಗೂ ಅನ್ವಯಿಸುತ್ತದೆ ಎಂದು ಬರೆದವಳು ನನಗೆ ಹೇಳಿದ್ದಾಳೆ.

ಇಂತಿ ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ
ಬೀದರ್