ಅಕ್ಕಾ, ಆ ನಿದ್ದೆ ಗುಳಿಗೆ ಕಳಿಸಲ್ಲ

ಅಕ್ಕಾ,

ನಿನ್ನ ಮೆಸೇಜಿಗೆ ಎರಡೇ ಸಾಲು ಉತ್ತರ ಕೊಟ್ಟರೆ ಸಿಟ್ಟಾಗುತ್ತೀ, ಅದಕ್ಕೇ ಕೂತು ಬರೀತಾ ಇದ್ದೇನೆ. ಚಿಗವ್ವಗೆ ನಿದ್ದೆಯೂ ಬರುತ್ತದೆ, ಅವಳ ಸ್ತನ ಕ್ಯಾನ್ಸರಿಗೂ ಒಳ್ಳೇದು ಅಂತ ಬೆಟಗೇರಿ ಕಾಕಾ ಹೇಳಿದ್ದಕ್ಕೆ, ಮೆಲಟೋನಿನ್ ಅನ್ನೋ ನಿದ್ದೆ ಗುಳಿಗೆ ಡಬ್ಬಿ ಕಳಿಸು ಅಂದಿದ್ದೀ. ಕಳಿಸಲ್ಲ.

ಕಾಕಾ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಕತ್ತಲಾದ ಮೇಲೆ ಮೆದುಳಿನೊಳಗಿನ ಪೀನಿಯಲ್ ಅನ್ನೋ ಸಣ್ಣ ಗ್ರಂಥಿ ಮೆಲಟೋನಿನ್ ಅನ್ನೋ ಹಾರ್ಮೋನು ಬಿಡುತ್ತದೆ, ಕಣ್ಣಿಗೆ ಜೋರು ಬೆಳಕು ಬಿದ್ದರೆ ಕಡಿಮೆ ಮಾಡುತ್ತದೆ. ಇದನ್ನು ಹಾಕಿದರೆ ಕೆಲವು ಸ್ತನ ಕ್ಯಾನ್ಸರ್ ಕೋಶಗಳು ನಿಧಾನ ಬೆಳೆಯುತ್ತವೆ ಅಂತ 1980ರ ದಶಕದಲ್ಲೇ ಲ್ಯಾಬಿನಲ್ಲಿ ನೋಡಿದ್ದಾರೆ. ಆಗ ಬಳಸಿದ ಎಂಸಿಎಫ್-7 ಅನ್ನೋ ಕ್ಯಾನ್ಸರ್ ಕೋಶಗಳು ನಮ್ಮ ಲ್ಯಾಬಿನಲ್ಲೂ ಇವೆ, ಎರಡು ಮೂರು ದಿನಕ್ಕೊಮ್ಮೆ ಅವಕ್ಕೆ ಊಟ ಹಾಕೋದು ನನ್ನ ಕೆಲಸ. 1970ರಲ್ಲಿ ಮಿಶಿಗನ್‌ನ ಒಬ್ಬ ಕ್ರೈಸ್ತ ಸನ್ಯಾಸಿನಿಯಿಂದ ತೆಗೆದವು. ಆಕೆ ತೀರಿಕೊಂಡು ಎಷ್ಟೋ ವರ್ಷ ಆಯಿತು, ಕೋಶ ಇನ್ನೂ ಬೆಳೀತಾನೇ ಇವೆ. ಒಂದೊಂದು ಸಲ ಅವನ್ನು ಬೆಳೆಸೋ ಡಿಶ್ ಎತ್ತಿದಾಗ ಚಿಗವ್ವ ನೆನಪಾಗಿ ಕೈ ಹಾಗೇ ನಿಂತುಬಿಡುತ್ತದೆ.

ಈ ಕೋಶಗಳು ಈಸ್ಟ್ರೋಜನ್ ಅನ್ನೋ ಹೆಣ್ಣು ಹಾರ್ಮೋನು ಸಿಕ್ಕರೆ ಹಿಗ್ಗುವಂಥವು, ಚಿಗವ್ವನ ರಿಪೋರ್ಟಿನಲ್ಲಿ ಇಆರ್ ಪಾಸಿಟಿವ್ (ಈಸ್ಟ್ರೋಜನ್ ಬಂದು ಕೂರೋ ಜಾಗ ಇರೋ ಕೋಶ) ಅಂತ ಇದೆಯಲ್ಲ, ಅದೇ ಜಾತಿ. ಮೆಲಟೋನಿನ್ ಆ ಈಸ್ಟ್ರೋಜನ್ ಕೆಲಸಕ್ಕೆ ಅಡ್ಡ ಬರುತ್ತದೆ. ಆದರೆ ಅವಳು ದಿನಾ ನುಂಗೋ ಟಮೋಕ್ಸಿಫೆನ್ ಮಾಡೋದೂ ಅದನ್ನೇ ಅಲ್ವಾ, ಈಸ್ಟ್ರೋಜನ್ ಕೂರಬೇಕಾದ ಜಾಗದಲ್ಲಿ ತಾನು ಹೋಗಿ ಕೂರುತ್ತದೆ, ಅದೂ ಡಿಶ್ಶಿನಲ್ಲಿ ಅಷ್ಟೇ ಅಲ್ಲ, ಸಾವಿರಾರು ಹೆಂಗಸರಲ್ಲಿ ಕೊಟ್ಟು ನೋಡಿ ಗಟ್ಟಿಯಾದ ಔಷಧ. ಮೆಲಟೋನಿನ್ ಆ ಮಟ್ಟಕ್ಕೆ ಬಂದಿಲ್ಲ.

2005ರ ಒಂದು ಪ್ರಯೋಗ ಮಾತ್ರ ನನಗೆ ಬಹಳ ಹಿಡಿಸಿತು. ಡೇವಿಡ್ ಬ್ಲಾಸ್ಕ್ ಅನ್ನೋರು ಮತ್ತವರ ಜೊತೆಯವರು ಹೆಂಗಸರಿಂದ ಮೂರು ಥರದ ರಕ್ತ ತೆಗೆದರು: ಹಗಲಿನದು, ರಾತ್ರಿ ಕತ್ತಲಲ್ಲಿ ತೆಗೆದದ್ದು, ರಾತ್ರಿಯೇ ಜೋರು ಲೈಟಿನ ಮುಂದೆ ಕೂರಿಸಿ ತೆಗೆದದ್ದು. ಇಲಿಗಳಲ್ಲಿ ಬೆಳೆಸಿದ ಮನುಷ್ಯರ ಸ್ತನ ಕ್ಯಾನ್ಸರ್ ಗಡ್ಡೆಗೆ ಅದನ್ನು ಹರಿಸಿದರು. ಮೆಲಟೋನಿನ್ ತುಂಬಿದ್ದ ಕತ್ತಲಿನ ರಕ್ತಕ್ಕೆ ಗಡ್ಡೆ ತಣ್ಣಗಾಯಿತು, ಲೈಟಿನ ರಕ್ತಕ್ಕೆ ಹಗಲಿನ ಹಾಗೇ ಬೆಳೆಯಿತು. ಇಲಿ, ಅಕ್ಕಾ. ಚಿಗವ್ವ ಇಲಿಯಲ್ಲ.

ಇನ್ನು ಡಬ್ಬಿ ವಿಷಯ. ಇಲ್ಲಿ ಅಮೆರಿಕದಲ್ಲಿ ಇದು ಔಷಧ ಅಂತ ಲೆಕ್ಕಕ್ಕಿಲ್ಲ, ಅಂಗಡಿಯಲ್ಲಿ ಪೆಪ್ಪರ್‌ಮಿಂಟ್ ಥರ ಸಿಗುತ್ತದೆ. ಅಗಿಯೋ ಗುಳಿಗೆಗಳಲ್ಲಿ 25 ಬ್ರಾಂಡ್ ತಂದು ಅಳೆದಿದ್ದರು, 2023ರಲ್ಲಿ ಅದು ಅಚ್ಚಾಯಿತು. 22ರಲ್ಲಿ ಚೀಟಿ ಮೇಲೆ ಬರೆದದ್ದು ಒಂದು, ಒಳಗಿದ್ದದ್ದು ಇನ್ನೊಂದು. ಒಂದರಲ್ಲಂತೂ ಮೆಲಟೋನಿನ್ನೇ ಇರಲಿಲ್ಲ! ಚಿಗವ್ವಗೆ ಅಂಥದ್ದನ್ನು ನಾನು ಕಳಿಸಲಾ? ನಿದ್ದೆ ಬರ್ತಿಲ್ಲ ಅನ್ನೋದನ್ನು ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಡಾಕ್ಟರಿಗೇ ಹೇಳಿ, ಕಾಕಾಗಲ್ಲ. ಟಮೋಕ್ಸಿಫೆನ್ ತಪ್ಪಿಸ್ತಿಲ್ಲ ತಾನೇ? ಗುಳಿಗೆ ಹಾಳೆ ತೆಗೆದು ಎಣಿಸು, ಅವಳ ಮಾತು ನಂಬಬೇಡ.

ಅವಳ ಕೋಣೆ ಕಿಟಕಿಗೆ ಬೀದಿ ದೀಪ ನೇರ ಹೊಡೀತದೆ, ಹೋದ ಸಲ ನಾನೇ ಅಲ್ಲಿ ಮಲಗಿ ಒದ್ದಾಡಿದ್ದೇನೆ. ಕ್ಯಾನ್ಸರಿಗಂತ ಅಲ್ಲ, ಸುಮ್ನೆ ನಿದ್ದೆ ಚೆನ್ನಾಗಿ ಬರಲಿ ಅಂತ ಅದನ್ನು ಮುಚ್ಚು. ಅವ್ವ ಹೊಲೆದ ಕೌದಿ ಟ್ರಂಕಿನಲ್ಲಿ ನಾಲ್ಕೈದು ಇವೆಯಲ್ಲ, ಒಂದನ್ನು ಕಟ್ಟಿಬಿಡು. ಹಸಿರು ಅಂಚಿನದ್ದು ಮಾತ್ರ ಮುಟ್ಟಬೇಡ, ಅದು ನನ್ನದು.

ನಿನ್ನ ತಂಗಿ