ಇಂಟರ್‌ಲಾಕ್ ಹಾಕಿಸುವ ಮೊದಲು

ಬೀವರ್ಟನ್, ಒರೆಗಾನ್

ಪ್ರೀತಿಯ ಅಪ್ಪ, ಅಮ್ಮನಿಗೆ ನಮಸ್ಕಾರ.

ನಾವೆಲ್ಲ ಚೆನ್ನಾಗಿದ್ದೇವೆ. ಇಲ್ಲಿ ಮಳೆಗಾಲ ಶುರುವಾಯಿತು. ನಮ್ಮ ಬದಿಯಡ್ಕದಲ್ಲಿ ಹೊಡೆಯುವಂಥ ಮಳೆ ಅಲ್ಲ. ಅಕ್ಟೋಬರಿನಿಂದ ಮೇ ತನಕ ಜಿಟಿಜಿಟಿ, ನೆಲ ಒಣಗಲಿಕ್ಕೆ ಪುರುಸೊತ್ತೇ ಕೊಡುವುದಿಲ್ಲ.

ಅಡಿಕೆ ಒಣಗಿಸುವ ಅಂಗಳ ಒಂದು ಬಿಟ್ಟು ಮನೆ ಸುತ್ತ ಪೂರ್ತಿ ಸಿಮೆಂಟ್ ಇಟ್ಟಿಗೆಯ ಇಂಟರ್‌ಲಾಕ್ ಹಾಕಿಸುತ್ತೀರಿ ಅಂತ ತಮ್ಮ ಹೇಳಿದ. ಹಾಕಿಸಿ, ಬೇಡ ಅನ್ನುವುದಿಲ್ಲ. ಮಳೆಗಾಲದಲ್ಲಿ ಪಾಚಿ ಕಟ್ಟಿ, ಜಾರದ ಹಾಗೆ ಮಡಲು ಹಾಸಿ ನಡೆಯುವ ಕಷ್ಟ ನನಗೂ ಗೊತ್ತು. ಆದರೆ ನಮ್ಮ ನಾಯಿ ದಾಸುವಿಗೂ ಒಂದು ಜಾಗ ಬಿಡಿ ಅಂತ ಹೇಳಲಿಕ್ಕೆ ಈ ಕಾಗದ. ಇಲ್ಲಿ ಹಿತ್ತಿಲಲ್ಲಿ ನಮ್ಮ ನಾಯಿ ಪುಟ್ಟಿ ಓಡಾಡುವ ಜಾಗಕ್ಕೆ ಏನು ಹಾಕುವುದು ಅಂತ ಈಗಷ್ಟೇ ತೀರ್ಮಾನ ಆಗಿದೆ. ಅಮ್ಮ ನಗುತ್ತಾರೆ, ನಾಯಿಗೂ ನೆಲ ಆರಿಸುತ್ತಾರಾ ಅಂತ. ಆರಿಸಬೇಕಾಗುತ್ತದೆ ಅಮ್ಮಾ, ಅದರ ಕೆಸರು ಕಾಲು ಬರುವುದು ನೇರ ಅಡಿಗೆಮನೆಗೆ.

ಮನೆ ಕೊಂಡಾಗ ಇದ್ದದ್ದು ಬರೀ ಹುಲ್ಲು. ಈ ರಾಜ್ಯದ ವಿಲಾಮೆಟ್ ಕಣಿವೆಯಲ್ಲಿ ಹುಲ್ಲಿನ ಬೀಜಕ್ಕೆಂದೇ ಎಕರೆಗಟ್ಟಲೆ ಬೇಸಾಯ ಮಾಡುತ್ತಾರೆ, ನೀವು ಕಂಡರೆ ನಗುತ್ತೀರಿ, ನಾವು ತೋಟದಲ್ಲಿ ಕೆತ್ತಿ ಕೆತ್ತಿ ಬಿಸಾಡುವುದನ್ನು ಇವರು ಮೂಟೆ ಕಟ್ಟಿ ಮಾರುತ್ತಾರೆ. ಆದರೆ ನಾಯಿ ಇರುವ ಕಡೆ ಬರೀ ಹುಲ್ಲು ನಿಲ್ಲುವುದು ಕಷ್ಟ. ಪುಟ್ಟಿ ಮೂತ್ರ ಮಾಡಿದ ಜಾಗ ನೋಡಬೇಕು ನೀವು: ತಟ್ಟೆಯಗಲಕ್ಕೆ ನಡುವೆ ಹಳದಿಯಾಗಿ ಸತ್ತ ಹುಲ್ಲು, ಅದರ ಸುತ್ತ ಬಳೆಯ ಹಾಗೆ ಕಡು ಹಸಿರು. ಮೂತ್ರದಲ್ಲಿರುವ ಸಾರಜನಕ ನಡುವೆ ಜಾಸ್ತಿಯಾಗಿ ಸುಡುತ್ತದೆ, ಅಂಚಿನಲ್ಲಿ ತೆಳುವಾಗಿ ಬಿದ್ದದ್ದು ಗೊಬ್ಬರ ಆಗುತ್ತದೆ. ಯೂರಿಯವನ್ನು ಬುಡಕ್ಕೇ ಸುರಿಯಬೇಡಿ ಅಂತ ನೀವು ಕೆಲಸದವರಿಗೆ ಹೇಳುವುದು ಇದಕ್ಕೇ ಅಲ್ವಾ? ಹೆಣ್ಣು ನಾಯಿ ಕೂತು ಒಂದೇ ಕಡೆ ಮಾಡುವುದರಿಂದ ಕಲೆ ಎದ್ದು ಕಾಣುತ್ತದೆ. ಕೂಡಲೇ ಒಂದು ಚೆಂಬು ನೀರು ಹೊಯ್ದರೆ ಉಳಿಯುತ್ತದೆ, ಆದರೆ ಚೆಂಬು ಹಿಡಿದು ನಾಯಿಯ ಹಿಂದೆ ಯಾರು ತಿರುಗುತ್ತಾರೆ?

ನಿಮ್ಮ ಸೊಸೆಯ ಕೈಯಲ್ಲಿ ಕಾಗದ ಪೆನ್ನು ಕೊಟ್ಟು ಪುಟ್ಟಿ ಎಲ್ಲೆಲ್ಲಿ ಹೋಗುತ್ತದೆ ಅಂತ ಕಿಟಕಿಯಿಂದ ನೋಡಿ ಗುರುತು ಹಾಕಲಿಕ್ಕೆ ಹೇಳಿದೆ. ನಾಯಿ ಹಿತ್ತಿಲಿಡೀ ಓಡುವುದೇ ಇಲ್ಲ ಅಪ್ಪ. ಬೇಲಿಯ ಪಕ್ಕ ಒಂದು ದಾರಿ, ಮರದ ನೆರಳಲ್ಲಿ ಮಲಗಲಿಕ್ಕೆ ಒಂದು ಗುಂಡಿ, ಮೂಲೆಯಲ್ಲಿ ಮೂತ್ರಕ್ಕೆ ಒಂದು ಜಾಗ, ಇಷ್ಟೇ. ಹಾಗಾದ ಮೇಲೆ ಎಲ್ಲ ಕಡೆಗೂ ಒಂದೇ ವಸ್ತು ಯಾಕೆ?

ಬೇಲಿಯ ಪಕ್ಕದ ದಾರಿಗೆ ಸೀಡರ್ ಮರದ ಚಕ್ಕೆ ಹಾಕಿದೆವು. ಅಂಟು ಮಣ್ಣಿನ ಮೇಲೆ ಅದು ದಪ್ಪಕ್ಕೆ ಬಿದ್ದರೆ ಕೆಸರು ಮೇಲೆ ಬರುವುದಿಲ್ಲ, ಕಾಲಿಗೂ ಮೆತ್ತಗೆ. ಕೊಳೆಯುತ್ತದೆ, ಆಗಾಗ ಮೇಲಿನಿಂದ ಹೊಸದು ಸುರಿಯಬೇಕು. ಹಟ್ಟಿಗೆ ಸೊಪ್ಪು ಹಾಕಿ ಅಭ್ಯಾಸ ಇದ್ದವರಿಗೆ ಅದೇನು ದೊಡ್ಡ ಕೆಲಸ. ಮೂತ್ರದ ಮೂಲೆಗೆ ಕಡಲೆ ಗಾತ್ರದ ಉರುಟು ಕಲ್ಲು, ಅದರ ಮೇಲೆ ಪೈಪಿನಲ್ಲಿ ನೀರು ಬಿಟ್ಟರೆ ತೊಳೆದು ಇಳಿದು ಹೋಗುತ್ತದೆ. ಒಡೆದ ಜಲ್ಲಿ ಬೇಡ, ಅಂಚು ಚೂಪಾಗಿ ಪಾದಕ್ಕೆ ಚುಚ್ಚುತ್ತದೆ. ಕಲ್ಲು ನುಂಗುವ ಚಟ ಇರುವ ನಾಯಿಗೆ ಉರುಟು ಕಲ್ಲೂ ಆಗದು, ಪುಟ್ಟಿಗೆ ಸದ್ಯ ಚಪ್ಪಲಿ ಸಾಕು.

ಉಳಿದ ಜಾಗಕ್ಕೆ ಹುಲ್ಲಿನ ಜೊತೆ ಬಿಳಿ ಕ್ಲೋವರ್ ಬೆರೆಸಿ ಬಿತ್ತಿದ್ದೇವೆ. ಮೂರೆಲೆಯ ಪುಟ್ಟ ಗಿಡ, ನಮ್ಮ ಪುಳಿಯಾರಲೆಯ ಸೊಪ್ಪಿನ ಹಾಗೇ ಕಾಣುತ್ತದೆ, ಆದರೆ ಇದು ದ್ವಿದಳ ಜಾತಿ. ಬೇರಿನಲ್ಲೇ ಸಾರಜನಕ ಹಿಡಿದಿಡುತ್ತದೆ, ಮೂತ್ರಕ್ಕೆ ಹುಲ್ಲಿನಷ್ಟು ಬೇಗ ಸಾಯುವುದಿಲ್ಲ. ಹೂ ಬಿಟ್ಟಾಗ ಜೇನ್ನೊಣ ಬರುತ್ತವೆ, ನಾಯಿ ತುಳಿದು ಕಚ್ಚಿಸಿಕೊಳ್ಳಬಹುದು, ಹಾಗಾಗಿ ಹೂ ಏಳುವ ಮೊದಲೇ ಕತ್ತರಿಸಬೇಕು. ಪ್ಲಾಸ್ಟಿಕ್ ಹುಲ್ಲು ಹಾಕಿಸಿ ಅಂತ ಇಲ್ಲಿ ಸುಮಾರು ಜನ ಹೇಳಿದರು. ನನಗೆ ಅದು ಹಿಡಿಸಲಿಲ್ಲ. ಬೇಸಗೆಯ ಬಿಸಿಲಿಗೆ ಕಾಲಿಡಲಿಕ್ಕಾಗದಷ್ಟು ಕಾಯುತ್ತದೆ, ತೊಳೆಯದಿದ್ದರೆ ನಾರುತ್ತದೆ.

ಇನ್ನೊಂದು ವಿಷಯ, ಇದನ್ನು ಮಾತ್ರ ಮರೆಯಬೇಡಿ. ಇಲ್ಲಿನ ಅಂಗಡಿಗಳಲ್ಲಿ ಗಿಡದ ಬುಡಕ್ಕೆ ಹಾಕಲಿಕ್ಕೆ ಕೊಕ್ಕೊ ಬೀಜದ ಸಿಪ್ಪೆ ಮಾರುತ್ತಾರೆ. ಚಾಕಲೇಟಿನ ಪರಿಮಳಕ್ಕೆ ನಾಯಿ ಅದನ್ನು ತಿನ್ನುತ್ತದೆ. ಅದರಲ್ಲಿರುವ ಥಿಯೋಬ್ರೋಮಿನ್ ನಾಯಿಗೆ ವಿಷ, ವಾಂತಿ, ನಡುಕ, ಜಾಸ್ತಿ ತಿಂದರೆ ಜೀವಕ್ಕೇ ಅಪಾಯ. ಬೀಜದಲ್ಲೂ ಅದೇ ಇದೆ. ನಾವು ಕೊಕ್ಕೊ ಒಣಗಿಸುವುದು ಅಂಗಳದಲ್ಲೇ, ದಾಸು ಮಲಗುವುದೂ ಅಲ್ಲೇ. ಇಷ್ಟು ವರ್ಷ ಅದು ಮೂಸಿ ನೋಡಿಲ್ಲ ಅಂತ ಸುಮ್ನೆ ಇರಬೇಡಿ, ಒಣಗಿಸುವಷ್ಟು ದಿನ ಅದನ್ನು ಕೊಟ್ಟಿಗೆ ಕಡೆ ಕಟ್ಟಿ.

ಇನ್ನು ಇಂಟರ್‌ಲಾಕ್. ಮುಂದಿನ ಅಂಗಳಕ್ಕೆ, ಜೀಪು ಬರುವ ದಾರಿಗೆ ಹಾಕಿಸಿ. ಹಿಂದೆ ಹಲಸಿನ ಮರದ ಕೆಳಗೆ, ಬಾವಿಯ ಕಡೆಗೆ, ಮಣ್ಣು ಹಾಗೇ ಇರಲಿ. ಮಾರ್ಚ್ ಏಪ್ರಿಲಿನಲ್ಲಿ ಮಧ್ಯಾಹ್ನ ಕಾಂಕ್ರೀಟಿನ ಮೇಲೆ ಅಂಗೈಯ ಹಿಂಭಾಗ ಇಟ್ಟು ನೋಡಿ. ನಿಮ್ಮ ಕೈ ತಡೆಯದಿದ್ದರೆ ಅದರ ಕಾಲೂ ತಡೆಯುವುದಿಲ್ಲ. ಮಣ್ಣು ಬಿಟ್ಟರೆ ಮಳೆನೀರೂ ಅಲ್ಲೇ ಇಂಗುತ್ತದೆ, ಎಲ್ಲ ಮುಚ್ಚಿದರೆ ಅದು ಹರಿದು ರಸ್ತೆಗೆ ಹೋಗುತ್ತದೆ. ಅಲ್ಲಿ ಕೆಸರಾದರೆ ಒಂದಿಷ್ಟು ಹೊಯಿಗೆ ಹಾಕಿಸಿ, ಸಾಕು.

ಮೇಸ್ತ್ರಿ ಅಳತೆ ತೆಗೆಯಲಿಕ್ಕೆ ಬರುವ ಮೊದಲು ದಾಸು ಎಲ್ಲಿ ಮಲಗುತ್ತದೆ, ಎಲ್ಲಿ ಕೆರೆಯುತ್ತದೆ ನೋಡಿಡಿ. ತಮ್ಮನ ಹತ್ತಿರ ಒಂದು ಫೋಟೊ ಕಳಿಸಲಿಕ್ಕೆ ಹೇಳಿ, ಭಾನುವಾರ ಫೋನಿನಲ್ಲಿ ಮಾತಾಡೋಣ. ಅಮ್ಮನ ಮಂಡಿನೋವು ಹೇಗಿದೆ ಅಂತಲೂ ತಿಳಿಸಿ.

ನಿಮ್ಮ ಮಗ